ಅಕ್ಕನ ಹೊಲದ ಮಣ್ಣಿನ ನಂಬರು

ನಾನು ಮಣ್ಣು ಕಾಯುವ ಕೆಲಸದವಳು. ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ. ಅವರು ನಗುತ್ತಾರೆ, ನಗಲಿ. ತುಮಕೂರಿನ ಒಂದು ಸಣ್ಣ ಪ್ರಯೋಗಾಲಯದ ಹಿಂದೆ ಶೀಟು ಹೊದಿಸಿದ ಉದ್ದನೆ ಕೋಣೆಯೊಂದಿದೆ. ಸುತ್ತಲಿನ ತಾಲ್ಲೂಕುಗಳಿಂದ ತಂದ ಹೊಲದ ಮಣ್ಣು, ಕೆರೆಯ ಹೂಳು, ಬೋರ್‌ವೆಲ್ ಕೊರೆದಾಗ ಮೇಲೆ ಬಂದ ಕಲ್ಲುಪುಡಿ, ಬೆಟ್ಟದಿಂದ ಒಡೆದು ತಂದ ಬಂಡೆಚೂರು ಎಲ್ಲ ಅಲ್ಲಿ ಕಪಾಟಿನ ತುಂಬ ಕೂತಿರುತ್ತವೆ. ಪರೀಕ್ಷೆ ಮುಗಿದ ಮೇಲೂ ಉಳಿದದ್ದನ್ನು ಯಾಕೆ ಇಟ್ಟುಕೊಳ್ಳಬೇಕು ಅನ್ನೋದು ನಮ್ಮ ಆಫೀಸಿನಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ನನ್ನ ಗಂಡನಿಗಂತೂ ಇವತ್ತಿಗೂ ಗೊತ್ತಿಲ್ಲ. 'ಹಾಗಲವಾಡಿಯಲ್ಲಿ ಅಪ್ಪನ ಹೊಲದ ಮಣ್ಣು ಹೊರೋದು ಬೇಡ ಅಂತ ಓದಿದೋಳು, ಇಲ್ಲಿ ಬಂದು ಊರೋರ ಹೊಲದ್ದೆಲ್ಲ ಹೊರ್ತಾ ಇದೀಯಲ್ಲ' ಅಂತ ಮದುವೆಯಾದ ಹೊಸದರಲ್ಲಿ ರೇಗಿಸುತ್ತಿದ್ದರು.

ಯಾಕೆ ಇಡುತ್ತೇವೆ ಅಂದರೆ, ಇವತ್ತು ಯಾರೂ ಕೇಳದ ಪ್ರಶ್ನೆಯನ್ನು ನಾಳೆ ಯಾರೋ ಕೇಳುತ್ತಾರೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೊಲದ ಮಣ್ಣಲ್ಲಿ ನೋಡುತ್ತಿದ್ದದ್ದು ಸಾರ ಎಷ್ಟಿದೆ, ಉಪ್ಪು ಎಷ್ಟಿದೆ, ರಾಗಿಗೆ ಆಗುತ್ತಾ ತೆಂಗಿಗೆ ಆಗುತ್ತಾ, ಇಷ್ಟೇ. ಸೀಸ ಇದೆಯಾ ಅಂತ ಯಾರೂ ನೋಡುತ್ತಿರಲಿಲ್ಲ. ರಾಗಿ ಹೊಲದಲ್ಲಿ ಸೀಸಕ್ಕೇನು ಕೆಲಸ? ಆದರೆ ಆ ಮಣ್ಣು ಒಣಗಿಸಿ ಭದ್ರವಾಗಿ ಇಟ್ಟಿದ್ದರೆ ಯಾವತ್ತು ಬೇಕಾದರೂ ತೆಗೆದು ನೋಡಬಹುದು. ಷರತ್ತು ಒಂದೇ, ಯಾವ ಚೀಲದ ಮಣ್ಣು ಎಲ್ಲಿಯದು ಅಂತ ಗೊತ್ತಿರಬೇಕು.

ಅದೇ ಗೊತ್ತಿರಲಿಲ್ಲ. ಮಣ್ಣು ತರಲು ಹೋದ ಪ್ರತಿ ತಂಡವೂ ಹೊಸದಾಗಿ ಒಂದರಿಂದ ಎಣಿಸುತ್ತಿತ್ತು. ಕುಣಿಗಲ್ ಒಂದು, ಕುಣಿಗಲ್ ಎರಡು. ಮುಂದಿನ ವರ್ಷ ಹೋದವರು ಮತ್ತೆ ಕುಣಿಗಲ್ ಒಂದು. ನಮ್ಮ ಕಡೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟು, ಹೊರಗಿನಿಂದ ಯಾರಾದರೂ ಕೂಗಿದರೆ ಮನೆಯೊಳಗಿಂದ ಇಬ್ಬರು ಓ ಅನ್ನುತ್ತಾರಲ್ಲ, ಹಾಗಿತ್ತು ನಮ್ಮ ಕಪಾಟು. ಗುಬ್ಬಿ ಒಂದು ಕೊಡಿ ಅಂದರೆ ಯಾವ ಗುಬ್ಬಿ ಒಂದು ಅಂತ ನಾನೇ ತಿರುಗಿ ಕೇಳಬೇಕು.

ಆಮೇಲೆ ಮೇಲಿನಿಂದ ಆದೇಶ ಬಂತು. ಪ್ರತಿ ಮಾದರಿಗೂ ಒಂದು ಕಾಯಂ ನಂಬರು ಕೊಡಬೇಕು. ಅದು ಪ್ರಪಂಚದಲ್ಲಿ ಬೇರೆ ಯಾವ ಕಲ್ಲಿಗೂ ಮಣ್ಣಿಗೂ ಇರಕೂಡದು. ಆ ಮಣ್ಣು ಖರ್ಚಾಗಿ ಹೋದರೂ ನಂಬರನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲ. ಯಾವ ದೇಶದವರು ಆ ನಂಬರು ಹಾಕಿ ಹುಡುಕಿದರೂ ಎಲ್ಲಿ ತೆಗೆದದ್ದು, ಯಾರು ತೆಗೆದದ್ದು, ಏನೇನು ಪರೀಕ್ಷೆ ಆಯಿತು, ಎಲ್ಲ ಕಾಣಬೇಕು. ಉಳಿದವರು ಇದೊಂದು ತಲೆನೋವು ಅಂದರು. ನನಗೆ ಮಾತ್ರ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ರಿಟೈರ್ ಆದವರಿಗೆಲ್ಲ ಫೋನ್ ಮಾಡಿ ಬೈಸಿಕೊಂಡು, ಹಳೇ ನಕ್ಷೆ ಹರಡಿಕೊಂಡು, ಒಂದೊಂದು ಚೀಲದ ಹುಟ್ಟೂರು ಪತ್ತೆ ಮಾಡಿದೆ. ಕಂಪ್ಯೂಟರಿಗೆ ಏರಿಸಿದೆ. ಬಾರ್‌ಕೋಡ್ ಇರುವ ಸ್ಟಿಕ್ಕರು ಪ್ರಿಂಟ್ ಮಾಡಿ ನನ್ನ ಕೈಯಾರೆ ಅಂಟಿಸಿದೆ. ಪತ್ತೆಯಾಗದೆ ಉಳಿದವನ್ನು ಬೇರೆ ಕಪಾಟಿಗೆ ಹಾಕಿದೆ. ಸುಮ್ಮನೆ ಅಂದಾಜಿನ ಮೇಲೆ ಒಂದಕ್ಕೂ ನಂಬರು ಕೊಡಲಿಲ್ಲ.

ಅದರಲ್ಲಿ ಒಂದು ಚೀಲ ನಮ್ಮಕ್ಕನ ಹೊಲದ್ದು. ಅಕ್ಕನನ್ನು ಕೊಟ್ಟಿರುವುದು ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಕೆಳಗೆ. ವರ್ಷಗಳ ಹಿಂದೆ ನಮ್ಮ ತಂಡ ಆ ಕಡೆ ಹೋದಾಗ, ಹೇಗೂ ಒಂದು ಹೊಲದ ಮಣ್ಣು ಬೇಕಲ್ಲ, ನಮ್ಮಕ್ಕನದೇ ತೆಗೆಯೋಣ ಅಂತ ನಾನೇ ಕರಕೊಂಡು ಹೋಗಿದ್ದೆ. ತೆಂಗಿನ ಸಾಲಿನಾಚೆ ರಾಗಿ ಹೊಲ. ನಾನು ಗುಂಡಿ ತೋಡಿ ಮಣ್ಣು ಚೀಲಕ್ಕೆ ತುಂಬುವಾಗ ಅಕ್ಕ ಬದುವಿನ ಮೇಲೆ ನಿಂತು, 'ತವರಿನೋರು ಮಡ್ಲಕ್ಕಿ ತರ್ತಾರೆ ಅಂತ ಕಾದ್ರೆ, ನೀನು ನಮ್ ಹೊಲದ್ ಮಣ್ಣೇ ಹೊತ್ಕಂಡು ಹೋಗೋಕ್ ಬಂದಿದೀಯಲ್ಲೇ' ಅಂತ ನಮ್ಮ ಡ್ರೈವರ್ ಎದುರಿಗೇ ಆಡಿಕೊಂಡಳು. ಅವಳ ಬಾಯಿ ಯಾವತ್ತೂ ಹಾಗೇ.

ಹುತ್ರಿದುರ್ಗದ ಹತ್ತಿರ ಒಂದು ಶೆಡ್ಡು ಬಂತು, ನಾನು ಮಣ್ಣು ತೆಗೆದು ಎಷ್ಟೋ ವರ್ಷ ಆದ ಮೇಲೆ. ಹಳೇ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ ಗಟ್ಟಿ ಮಾಡಿ ಮಾರುವ ದಂಧೆ. ಹೊರಗೆ ಬೋರ್ಡು ಇನ್ನೇನೋ. ಕತ್ತಲಾದ ಮೇಲೆ ಒಲೆ ಹಚ್ಚುತ್ತಾರೆ ಅಂತ ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ಹೊಗೆ ಕೆಳಗೆ ಇಳಿದು ಇವರ ಹೊಲದ ಮೇಲೇ ಕೂರುತ್ತಿತ್ತು. ಮೊದಲು ಕರುಗಳು ಸತ್ತವು. ಕಣ್ಣು ಕಾಣದಂತಾಗಿ ಗೋಡೆಗೆ ಗುದ್ದಿಕೊಂಡು, ನೊರೆ ಕಾರಿ ಸತ್ತವು. ಆಮೇಲೆ ಅಕ್ಕನ ಮೊಮ್ಮಗಳಿಗೆ ಹೊಟ್ಟೆನೋವು ಶುರುವಾಯಿತು. ಚೂಟಿಯಾಗಿದ್ದ ಹುಡುಗಿ, ಬರಬರುತ್ತಾ ಕೂತಲ್ಲೇ ಕೂರುತ್ತಿದ್ದಳು, ಹೇಳಿಕೊಟ್ಟದ್ದು ಮರೆಯುತ್ತಿದ್ದಳು. ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಕೊನೆಗೆ ನಾನೇ ಹಠ ಮಾಡಿ ತುಮಕೂರಿಗೆ ಕರೆಸಿ ರಕ್ತ ಪರೀಕ್ಷೆ ಮಾಡಿಸಿದೆ. ರಕ್ತದಲ್ಲಿ ಸೀಸ. ಡಾಕ್ಟರು ಔಷಧಿ ಬರೆಯುವ ಮುಂಚೆ ಹೇಳಿದ್ದು ಒಂದೇ ಮಾತು, ಎಲ್ಲಿಂದ ಬರ್ತಾ ಇದೆಯೋ ಅದನ್ನ ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಈ ಮಗು ಓದಲಿಕ್ಕೆ ಬರೆಯಲಿಕ್ಕೆ ಆಗದ ಹಾಗೆ ಆಗಿಬಿಡುತ್ತೆ.

ಅಕ್ಕ ದೂರು ಕೊಟ್ಟಳು. ಊರಿನಲ್ಲಿ ಒಬ್ಬರೂ ಜೊತೆಗೆ ಸಹಿ ಹಾಕಲಿಲ್ಲ. ಶೆಡ್ಡಿಗೆ ಜಾಗ ಬಾಡಿಗೆಗೆ ಕೊಟ್ಟವರೂ ಊರಿನವರೇ, ಕೆಲಸಕ್ಕೆ ಹೋಗುವವರೂ ಊರಿನವರೇ. ಅಧಿಕಾರಿಗಳು ಬಂದು ಹೊಲದ ಮಣ್ಣು ಪರೀಕ್ಷೆ ಮಾಡಿಸಿದರು, ಸೀಸ ಇದ್ದದ್ದು ನಿಜವಾಯಿತು. ಇನ್ನೇನು ಶೆಡ್ಡು ಮುಚ್ಚಿತು ಅಂದುಕೊಂಡೆವು. ಆದರೆ ಕುಣಿಗಲ್‌ನ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ ನಡೆದ ದಿನ ಶೆಡ್ಡಿನವರ ವಕೀಲರು ತಣ್ಣಗೆ ಎದ್ದು, 'ಇದು ಬೆಟ್ಟದ ಬುಡ ಸ್ವಾಮಿ, ಅಲ್ಲಿನ ಕಲ್ಲಲ್ಲೇ ಸೀಸ ಇದೆ. ನಾವು ಬರೋಕೆ ಮುಂಚೆ ಆ ಹೊಲದಲ್ಲಿ ಸೀಸ ಇರಲಿಲ್ಲ ಅನ್ನೋಕೆ ಏನು ಆಧಾರ?' ಅಂದರು.

ನಾನು ಹಿಂದೆ ಕೂತಿದ್ದೆ. ಎದ್ದು ನಿಂತು, ಆಧಾರ ಇದೆ ಸರ್, ನಮ್ಮ ಕಪಾಟಿನಲ್ಲಿದೆ ಅಂದೆ. ಶೆಡ್ಡು ಬರುವ ಮುಂಚೆ ತೆಗೆದ ಅದೇ ಹೊಲದ ಮಣ್ಣು. ಅದಕ್ಕೊಂದು ನಂಬರಿದೆ, ಆ ನಂಬರು ಅದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ, ದಸರಾ ಕಳೆದ ಮೇಲೆ ಆ ಮಾದರಿ ಪರೀಕ್ಷೆ ಆಗಲಿ ಅಂತ ಬರೆಸಿದರು. ಹೊರಗೆ ಬಂದು ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವತ್ತು ನಾನು ಮಾಡಿಕೊಂಡು ಬಂದ ಕೆಲಸಕ್ಕೆ ಮೊದಲ ಸಲ ಬೆಲೆ ಬಂತು ಅನ್ನಿಸಿತು.

ದಸರಾ ಬಂತು. ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಯಾವುದರ ತರಬೇತಿ ಅಂದುಕೊಂಡಿರಿ? ಇದೇ ಕಾಯಂ ನಂಬರಿನದು. ಏಸಿ ರೂಮಿನಲ್ಲಿ ಕೂತು, ಮಾದರಿಯನ್ನೂ ನಂಬರನ್ನೂ ಯಾವತ್ತೂ ಅಗಲಿಸಬಾರದು ಅಂತ ಕೇಳಿಸಿಕೊಳ್ಳುತ್ತಿದ್ದ ಹೊತ್ತಿಗೆ ಇಲ್ಲಿ ನಮ್ಮ ಆಫೀಸಿನಲ್ಲಿ ಆಯುಧಪೂಜೆಯ ಕ್ಲೀನಿಂಗ್ ನಡೆಯುತ್ತಿತ್ತು.

ಆಯುಧಪೂಜೆ ಅಂದರೆ ನಮ್ಮ ಕಡೆ ಗೊತ್ತಲ್ಲ. ವರ್ಷವೆಲ್ಲ ಧೂಳು ಮುಟ್ಟದವರೂ ಅವತ್ತು ಸೀರೆ ಎತ್ತಿಕಟ್ಟಿ ನಿಲ್ಲುತ್ತಾರೆ. ಜೀಪು ತೊಳೆದು, ಕಂಪ್ಯೂಟರಿಗೆ ವಿಭೂತಿ ಬಳಿದು, ಬಾಗಿಲಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆಯಬೇಕು. ನಾನು ವಾಪಸ್ ಬಂದು ಕೋಣೆಯ ಬಾಗಿಲು ತೆಗೆದರೆ ನನ್ನ ಕೋಣೆ ಗುರುತೇ ಸಿಗಲಿಲ್ಲ. ಕಪಾಟು ತೊಳೆದಿದ್ದರು, ಪೇಪರ್ ಹಾಸಿದ್ದರು. ಹಳೇ ಕಾಗದದ ಚೀಲ ಒಂದೂ ಇಲ್ಲ. ಅದರ ಜಾಗದಲ್ಲಿ ಸಾಲಾಗಿ ಹೊಸ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರ ಮುಚ್ಚಳಕ್ಕೂ ಅರಿಶಿನ ಕುಂಕುಮ, ಮೇಲೊಂದು ಚೆಂಡುಹೂವು. ಕೆಂಪು ಮಣ್ಣಿನವು ಒಂದು ಕಡೆ, ಕಪ್ಪು ಮಣ್ಣಿನವು ಒಂದು ಕಡೆ. ಕಲ್ಲುಗಳನ್ನೆಲ್ಲ ಸೋಪು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ ಫಳಫಳ ಮಾಡಿದ್ದರು. ಒಂದು ಸ್ಟಿಕ್ಕರೂ ಇರಲಿಲ್ಲ.

ನಮ್ಮಲ್ಲಿ ಕಸ ಹೊಡೆಯುವ ಹಿರಿಯ ಹೆಂಗಸೊಬ್ಬಳು ನನಗಾಗಿ ಎತ್ತಿಟ್ಟ ಕಡ್ಲೆಪುರಿ ಪೊಟ್ಟಣ ಹಿಡಿದು ನಗುತ್ತಾ ಬಂದಳು. 'ಮೇಡಮ್ಮೋರೇ, ನೀವ್ ಬರಾ ಅಷ್ಟ್ರಲ್ಲಿ ಮಾಡಿಬುಡಾನ ಅಂತ ಎಲ್ರೂ ಸೇರ್ಕಂಡು ಮಾಡಿದ್ವಿ. ಹೆಂಗೈತೆ ಹೇಳಿ.'

'ಡಬ್ಬಿ ಎಲ್ಲಾ ಸಮ ತುಂಬಿದೆಯಲ್ಲ, ಹೆಂಗೆ?' ಅಂದೆ.

'ಅರ್ಧಂಬರ್ಧ ಇದ್ವಲ್ಲ, ಹಬ್ಬದ ದಿನ ಡಬ್ಬಿ ಅರೆ ಇರಬಾರ್ದು ಅಂತ ಒಂದ್ರದ್ದು ಒಂದಕ್ಕೆ ಹಾಕಿ ತುಂಬಿಸ್ದೋ. ಮನೇಲೂ ಹಂಗೇ ಅಲ್ವಾ, ಅಕ್ಕಿ ಡಬ್ಬ ಅರೆ ಬುಡ್ತೀವಾ? ಕೆಂಪುಗೆ ಕೆಂಪೇ ಹಾಕಿರಾದು, ಕಪ್ಪುಗೆ ಕಪ್ಪೇ. ಏನೂ ಬೆರೆಸಿಲ್ಲ ಕಣ್ರವ್ವ.'

'ಸ್ಟಿಕ್ಕರು?'

'ಅವು ಹಳೇ ಚೀಲದ್ ಮ್ಯಾಲಿದ್ವಲ್ಲ, ಚೀಲದ ಜೊತೇಲೇ ಬೆಂಕಿಗ್ ಹಾಕುದ್ವಿ. ನಂಬ್ರು ಎಲ್ಲಾ ಕಂಪ್ಯೂಟರ್‌ನಾಗೆ ಕಾಯಂ ಐತೆ, ಅಳ್ಸೋಗಕಿಲ್ಲ ಅಂತ ಸಾಹೇಬ್ರೇ ಅಂದ್ರು.'

ಅವಳನ್ನು ಏನಂತ ಬೈಯಲಿ? ಅವಳು ಕಸ ಅಂತ ಎಸೆದಿರಲಿಲ್ಲ. ದೇವರ ಪಾತ್ರೆ ತೊಳೆದ ಹಾಗೆ ತೊಳೆದಿದ್ದಳು. ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರು ಅನ್ನುತ್ತಾರೆ, ಇವರು ಎಲ್ಲಾ ದೇವರನ್ನೂ ಕಲಸಿ ಒಂದೇ ಮುದ್ದೆ ಮಾಡಿದ್ದರು. ನಾನು ಕಡ್ಲೆಪುರಿ ಇಸಕೊಂಡೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಸಾಹೇಬರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. 'ಏನ್ ತಾಯಿ, ಮಣ್ಣು ಮಣ್ಣೇ ಅಲ್ವಾ? ಎಲ್ಲಿ ಓಡಿ ಹೋಗುತ್ತೆ? ಕಂಪ್ಯೂಟರಲ್ಲಿ ನಂಬರಿದೆ, ಇಲ್ಲಿ ಡಬ್ಬಿ ಇದೆ, ಮತ್ತೆ ಪ್ರಿಂಟ್ ತೆಗೆದು ಅಂಟಿಸಿಬಿಡಿ' ಅಂದರು. ಯಾವ ಡಬ್ಬಿಗೆ ಯಾವ ನಂಬರು ಸರ್ ಅಂದೆ. 'ಅಂದಾಜು ಅಂತ ಒಂದಿರುತ್ತಪ್ಪ. ಕುಣಿಗಲ್ ಕಡೇದು ಕೆಂಪು, ಕೆಂಪು ಡಬ್ಬಿಗೆ ಹಾಕಿ. ಮುಂದಿನ ತಿಂಗಳು ಇನ್‌ಸ್ಪೆಕ್ಷನ್ ಇದೆ, ನಂಬರಿಲ್ಲದ ಡಬ್ಬಿ ಒಂದೂ ಇರಕೂಡದು.' ಕೆಂಪು ಡಬ್ಬಿಯಲ್ಲಿ ನಮ್ಮಕ್ಕನ ಹೊಲವೂ ಇದೆ, ಸತ್ಯಮಂಗಲದ ಕಡೆ ಗ್ಯಾರೇಜುಗಳ ಹಿಂದೆ ರಸ್ತೆ ಬದಿ ತೆಗೆದದ್ದೂ ಇದೆ, ಗುಬ್ಬಿಯ ಕೆರೆ ಏರಿಯೂ ಇದೆ ಅಂದೆ. ಅವರು ಮುಂದಿದ್ದ ಫೈಲು ಬಿಚ್ಚಿದರು. ನಾನು ಅಂಟಿಸಲ್ಲ ಸರ್ ಅಂತ ಹೇಳಿ ಎದ್ದು ಬಂದೆ.

ವಿಷಯ ತಿಳಿದು ಅಕ್ಕ ಬಸ್ಸು ಹತ್ತಿ ತುಮಕೂರಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅಡಿಗೆಮನೆಯಲ್ಲಿ ನನ್ನ ಪಕ್ಕ ಕೂತು ದನಿ ತಗ್ಗಿಸಿ ಹೇಳಿದಳು, 'ಒಂದ್ ಕೆಲ್ಸ ಮಾಡೇ. ಹಾಗಲವಾಡಿ ಅಪ್ಪನ್ ಹೊಲದಿಂದ ಒಂದ್ ಬೊಗಸೆ ತರಿಸ್ಕೊ. ಅದೂ ಕೆಂಪೇ. ಅದುಕ್ಕೆ ನಮ್ ನಂಬ್ರು ಅಂಟ್ಸು. ಅದ್ರಲ್ಲಿ ಸೀಸ ಇರಾಕಿಲ್ಲ. ನಮ್ದ್ರಾಗೂ ಇರ್ಲಿಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಸುಳ್ಳೇನ್ ಹೇಳ್ದಂಗಾಯ್ತು?'

ಆಗಲ್ಲ ಕಣಕ್ಕ ಅಂದೆ. ಒಂದು ಸಲ ಹಾಗೆ ಮಾಡಿದರೆ ಅಲ್ಲಿರೋ ಒಂದು ನಂಬರಿಗೂ ಅರ್ಥ ಇರಲ್ಲ ಅಂದೆ. 'ನಿಂಗೆ ನಂಬ್ರು ದೊಡ್ದು. ಆಗ್ಲಿ ಬುಡು' ಅಂದು ಚೀಲ ಎತ್ತಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೋಗಿ ಬಸ್ಸು ಹತ್ತಿಸಿ ಬಂದೆ.

ನಾನು ಮಾಡಲ್ಲ ಅಂದದ್ದನ್ನು ಸಾಹೇಬರು ಬೇರೆಯವರ ಕೈಯಲ್ಲಿ ಮಾಡಿಸಿದರು. ಒಂದೇ ಮಧ್ಯಾಹ್ನದಲ್ಲಿ ಅಷ್ಟೂ ಡಬ್ಬಿಗೆ ಸ್ಟಿಕ್ಕರು ಬಿತ್ತು. ಕೆಂಪು ಸಾಲಿನ ಒಂದು ಡಬ್ಬಿಗೆ ಅಕ್ಕನ ಹೊಲದ ನಂಬರು ಸಿಕ್ಕಿತು. ವಿಚಾರಣೆಯ ಆದೇಶ ಇತ್ತಲ್ಲ, ಆ ಡಬ್ಬಿ ಪರೀಕ್ಷೆಗೆ ಹೋಯಿತು. ಇದು ಕಲಸಿದ ಮಣ್ಣು, ಕಳಿಸಬೇಡಿ ಅಂತ ಬರೆದುಕೊಟ್ಟಿದ್ದೆ, ಆ ಕಾಗದವನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ರಿಪೋರ್ಟು ಬಂತು. ಸೀಸ ಇತ್ತು. ಹಳೇ ಬ್ಯಾಟರಿ ಬಿಚ್ಚುವ ಗ್ಯಾರೇಜಿನ ಹಿಂದಿನ ಮಣ್ಣು ಸೇರಿದ ಡಬ್ಬಿಯಲ್ಲಿ ಇನ್ನೇನು ಇರುತ್ತೆ.

ಕುಣಿಗಲ್‌ನಲ್ಲಿ ಮತ್ತೆ ವಿಚಾರಣೆ. ಇದು ಆ ಮಣ್ಣಲ್ಲ ಸರ್, ಕಲಸಿಹೋಗಿದೆ ಅಂತ ನಾನು ಎದ್ದು ಹೇಳಿದೆ. ಶೆಡ್ಡಿನ ವಕೀಲರು ನನಗೆ ಕೈ ಮುಗಿದೇ ಮಾತಾಡಿದರು. 'ಹೋದ ಸಲ ಇದೇ ಮೇಡಂ ಹೇಳಿದ್ರು, ಈ ನಂಬರು ಆ ಹೊಲದ ಮಣ್ಣಿಗೆ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ ಅಂತ. ನಂಬರು ಅದೇ ಇದೆ, ಆಫೀಸು ಅವರದೇ, ಡಬ್ಬಿ ಅವರದೇ. ಫಲಿತಾಂಶ ಬಂದ ಮೇಲೆ, ಅದರಲ್ಲೂ ದೂರು ಕೊಟ್ಟವರ ಸ್ವಂತ ತಂಗಿ, ಇದು ಅದಲ್ಲ ಅಂತಾರೆ.' ಕೂತಿದ್ದವರು ನಕ್ಕರು. ಹೊಗೆ ಬೀಳದ ಜಾಗದ ಮಣ್ಣು ತೆಗೆದು ನೋಡಿ, ಆಳದ ಮಣ್ಣು ತೆಗೆದು ನೋಡಿ ಅಂದೆ. ನೀವೇ ಕೇಳಿದ ಪರೀಕ್ಷೆ ಆಯಿತಲ್ಲಮ್ಮ ಅಂತ ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಶೆಡ್ಡು ನಡೆಯುತ್ತಿದೆ.

ನಾನು ಸುಮ್ಮನೆ ಕೂರಲಿಲ್ಲ. ಕಂಪ್ಯೂಟರಿನಲ್ಲಿ ಆ ನಂಬರಿನ ಕೆಳಗೆ ಸೇರಿಸಿದ ಸೀಸದ ಲೆಕ್ಕವನ್ನು ತೆಗೆಯಿರಿ ಅಂತ ಈ ಕಾಯಂ ನಂಬರಿನ ವ್ಯವಸ್ಥೆ ನಡೆಸುವವರಿಗೇ ಬರೆದೆ. ಮರ್ಯಾದೆಯಾಗಿಯೇ ಉತ್ತರ ಕೊಟ್ಟರು. ಒಮ್ಮೆ ದಾಖಲಾದದ್ದನ್ನು ಅಳಿಸುವ ಪದ್ಧತಿ ಇಲ್ಲ, ಅನುಮಾನವಿದ್ದರೆ ನಿಮ್ಮ ಮುಖ್ಯಸ್ಥರ ಒಪ್ಪಿಗೆಯೊಂದಿಗೆ ಷರಾ ಸೇರಿಸಬಹುದು ಅಂದರು. ನಮ್ಮ ಸಾಹೇಬರು ಒಪ್ಪಿಗೆ ಕೊಡುತ್ತಾರಾ? ಒಂದು ಡಬ್ಬಿ ತಪ್ಪು ಅಂದರೆ ಉಳಿದವೂ ತಪ್ಪು ಅನ್ನಬೇಕಾಗುತ್ತದೆ. ಇನ್‌ಸ್ಪೆಕ್ಷನ್‌ನಲ್ಲಿ ನಮ್ಮ ಕೋಣೆಗೆ ತುಂಬ ಚೆನ್ನಾಗಿದೆ ಅಂತ ಬರೆದುಹೋಗಿದ್ದರು. ನನಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ. ಕೆಲಸಕ್ಕೆ ಹೋಗುತ್ತೇನೆ, ಹೊಸ ಮಣ್ಣು ಬಂದರೆ ನಂಬರು ಕೊಡುತ್ತೇನೆ, ಸಂಜೆ ಬೀಗ ಹಾಕುತ್ತೇನೆ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಕರೆದಿರಲಿಲ್ಲ, ಹುಡುಗಿಯನ್ನು ಮತ್ತೆ ರಕ್ತ ಪರೀಕ್ಷೆಗೆ ಕರಕೊಂಡು ಹೋಗಬೇಕಿತ್ತು, ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅಕ್ಕ ಬಾ ಅಂದಳು, ಚಾಪೆ ಹಾಸಿದಳು. ಅಂಗಡಿಯಿಂದ ತರಿಸಿದ ನೀರಿನ ಬಾಟಲಿ ಸೀಲು ಒಡೆದು ನನ್ನ ಮುಂದಿಟ್ಟಳು. ಹೋಟೆಲಿನಿಂದ ಕಟ್ಟಿಸಿ ತಂದ ಇಡ್ಲಿ ಎಲೆಗೆ ಹಾಕಿದಳು. ಇದೇನಕ್ಕ, ನಾನೇನು ನೆಂಟರವಳಾ ಅಂದೆ.

'ನಮ್ದು ನಿಂಗಾಗಾಕಿಲ್ಲ ಬುಡು. ನೀನು ಆಫೀಸ್‌ನೋಳು' ಅಂದಳು.

ಆಸ್ಪತ್ರೆಗೆ ನಾಳೆ ಹೊರಡೋಣ, ಹುಡುಗಿಯನ್ನು ಸ್ವಲ್ಪ ದಿನ ನನ್ನ ಹತ್ತಿರವೇ ಬಿಡು ಅಂದೆ. ಅಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. 'ಯಾಕೆ? ಆಸ್ಪತ್ರೆ ಎಲ್ಲ ಬ್ಯಾಡ. ಈ ಮಣ್ಣಾಗೆ ಮೊದ್ಲಿಂದ್ಲೂ ಇತ್ತು ಅಂತ ಆಯ್ತಲ್ಲ. ನಮ್ಮತ್ತೆ ಮಾವ ಇದ್ರಾಗೆ ಬೆಳ್ದಿದ್ದೇ ತಿಂದು ಮುಪ್ಪಾಗಿ ಹೋದ್ರು, ಏನೂ ಆಗ್ಲಿಲ್ಲ. ನಾನೂ ತಿಂದಿವ್ನಿ. ಇವ್ಳ ಹಣೇಬರಾನೇ ಬ್ಯಾರೆ ಇರ್ಬೇಕು, ಮಣ್ಣಿನ್ ಮ್ಯಾಲ್ ಯಾಕ್ ಹಾಕಾದು.'

ಸಿಟ್ಟಿಗೆ ಹೇಳುತ್ತಿದ್ದಾಳೆ ಅಂದುಕೊಂಡು ಮುಖ ನೋಡಿದೆ. ಸಿಟ್ಟಿರಲಿಲ್ಲ. ಅಧಿಕಾರಿಗಳು, ಊರಿನವರು ಎಲ್ಲರೂ ಅದನ್ನೇ ಹೇಳಿ ಹೇಳಿ ಅವಳೂ ನಂಬಿಬಿಟ್ಟಿದ್ದಳು. ಅದು ಸುಳ್ಳು ಅಕ್ಕ, ಆ ಡಬ್ಬಿ ನಿಮ್ಮದಲ್ಲ ಅಂತ ಎಷ್ಟು ಹೇಳಿದರೂ ಹೂಂ ಅಂದಳೇ ಹೊರತು ನನ್ನ ಕಡೆ ತಿರುಗಲಿಲ್ಲ. ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಹೊಲದ ರಾಗಿಯ ಬಿಸಿ ಮುದ್ದೆ ಮುರಿದು, ಹಿತ್ತಲ ಸೊಪ್ಪಿನ ಸಾರಿನಲ್ಲಿ ಅದ್ದಿ, ತುತ್ತು ತುತ್ತಾಗಿ ಅವಳ ಬಾಯಿಗೆ ಇಟ್ಟಳು.